ಪಾಲ್ಕಿಗುಂಡಿನ ಪಾದಗಳು: ಬೇಡಿಕೆಯಿಲ್ಲದ ಭಕ್ತಿ

ಇಂದಿನ ಕೊಪ್ಪಳವು ಪೂರ್ವದಲ್ಲಿ ಕೊಪಣವೆಂಬ ಹೆಸರಿನ ಮಹಾತೀರ್ಥವಾಗಿತ್ತು. ಕ್ರಿ.ಶ. 993ರ ಅಜಿತಪುರಾಣದಲ್ಲಿ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯ ಪಾವಿತ್ರ್ಯಕ್ಕೆ ಉಪಮಾನವನ್ನರಸುವಾಗ ಕೊಪಣಾಚಲವನ್ನೂ ನೆನೆದಿದ್ದಾನೆ. ಇಲ್ಲಿಯ ಶಿಲಾಲೇಖಗಳನ್ನು ವಿದ್ವಾಂಸರು ಚರಿತ್ರೆಯ ಆಕರಗಳೆಂದು ಓದಿದ್ದಾರೆ. ಅವು ಭಕ್ತಿಯ ಭಾಷೆಯೂ ಹೌದೆಂಬುದು ಗಮನಾರ್ಹ.

ಪಾಲ್ಕಿಗುಂಡು ಬೆಟ್ಟದಲ್ಲಿ, ಅಶೋಕನ ಶಾಸನದ ಸಮೀಪ, ಬಂಡೆಯ ಮೇಲೆ ಎರಡು ಪಾದಗಳನ್ನು ಕೊರೆಯಲಾಗಿದೆ. ಅದರೊಡನಿರುವ ಹಳಗನ್ನಡದ ಬರಹವು ಒಂದೇ ವಾಕ್ಯದಷ್ಟು: ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ. ಈ ಆಚಾರ್ಯರೇ 31 ಸರ್ಗಗಳ ಸಂಸ್ಕೃತ ಕಾವ್ಯ ವರಾಂಗಚರಿತದ ಕರ್ತೃವೆಂದು, 1938ರಲ್ಲಿ ಆ ಕೃತಿಯನ್ನು ಸಂಪಾದಿಸಿದ ಡಾ. ಆ.ನೇ. ಉಪಾಧ್ಯೆಯವರು ಗುರುತಿಸಿದರು. ಅಂಥ ಮಹಾಕವಿಗೆ ಸಂದ ಸ್ಮಾರಕದಲ್ಲಿ ಬಿರುದುಗಳಿಲ್ಲ, ವ್ಯಯದ ಲೆಕ್ಕವಿಲ್ಲ, ಫಲಾಪೇಕ್ಷೆಯೂ ಇಲ್ಲ.

ಕ್ರಿ.ಶ. 881ರ ಮತ್ತೊಂದು ಕೊಪಣ ಶಾಸನವೂ ಇದೇ ಧಾಟಿಯದು. ಸರ್ವನಂದಿ ಭಟಾರರು ಊರಿಗೂ ತೀರ್ಥಕ್ಕೂ ಉಪಕಾರಿಗಳಾಗಿ ಬಹುಕಾಲ ತಪಗೈದು ಸನ್ಯಸನದಿಂದ ಮುಡಿಪಿದರೆಂದು ಅದು ತಿಳಿಸುತ್ತದೆ. ದೀರ್ಘ ತಪಸ್ಸಿಗೆ ಪ್ರತಿಯಾಗಿ ದೊರೆತದ್ದೇನೆಂಬ ಪ್ರಶ್ನೆಯನ್ನು ಆ ಶಾಸನ ಎತ್ತುವುದೇ ಇಲ್ಲ.

ಈ ಮಿತಭಾಷೆಯ ಹಿಂದೆ ಸಿದ್ಧಾಂತವಿದೆ. ಜಿನನು ವೀತರಾಗ. ಪೂಜೆಯಿಂದ ಆತನಿಗೆ ಪ್ರಯೋಜನವಿಲ್ಲ, ನಿಂದೆಯಿಂದ ವೈರವಿಲ್ಲ. ಆದರೂ ಆತನ ಗುಣಸ್ಮರಣೆ ಭಕ್ತನ ಚಿತ್ತವನ್ನು ತೊಳೆಯುತ್ತದೆ ಎಂಬುದು ಸ್ವಯಂಭೂಸ್ತೋತ್ರದಲ್ಲಿ ಸಮಂತಭದ್ರಾಚಾರ್ಯರ ಅಭಿಪ್ರಾಯ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶಲ್ಯರಹಿತನನ್ನೇ ವ್ರತಿಯೆಂದು ಕರೆಯುತ್ತದೆ. ಮಾಯೆ, ಮಿಥ್ಯಾತ್ವಗಳೊಡನೆ ನಿದಾನವೂ, ಅಂದರೆ ವ್ರತಕ್ಕೆ ಪ್ರತಿಯಾಗಿ ಭೋಗವನ್ನು ಬಯಸುವುದೂ, ಒಂದು ಶಲ್ಯವೇ. “ಇಷ್ಟು ಉಪವಾಸ ಮಾಡಿದೆ, ಇಷ್ಟು ಅಭಿಷೇಕ ಮಾಡಿಸಿದೆ, ಇನ್ನು ಫಲ ಬರಲೇಬೇಕು” ಎನ್ನುವವನು ಪ್ರಾರ್ಥಿಸುತ್ತಿಲ್ಲ, ಸಾಲ ವಸೂಲಿಗೆ ನಿಂತಿದ್ದಾನೆ. ಕೊಡುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಜಿನನ ಮುಂದೆ ಆ ಲೆಕ್ಕದ ಪುಸ್ತಕ ತೆರೆದು ಫಲವೇನು?

ಚಾವಯ್ಯನೂ ತನ್ನ ಹೆಸರನ್ನು ಕೆತ್ತಿಸಿದನಲ್ಲ ಎಂಬ ಆಕ್ಷೇಪ ಸಹಜವೇ. ದತ್ತಿಯ ಭೂಮಿ, ಎಲ್ಲೆ, ದಾನಿಯ ವಂಶಗಳನ್ನು ವಿಸ್ತಾರವಾಗಿ ಹೇಳುವ ಜೈನ ಶಾಸನಗಳೂ ನಾಡಿನಲ್ಲಿ ವಿಪುಲವಾಗಿವೆ. ದತ್ತಿಯ ರಕ್ಷಣೆಗೆ ಅಂಥ ದಾಖಲೆ ಅಗತ್ಯ. ಅದನ್ನು ಅಹಂಕಾರವೆನ್ನುವುದು ಅನ್ಯಾಯ. ಭೇದವಿರುವುದು ಹೆಸರು ನಿಂತ ಸ್ಥಾನದಲ್ಲಿ. ಪಾಲ್ಕಿಗುಂಡಿನಲ್ಲಿ ಮೊದಲು ಕಾಣುವುದು ಪಾದ, ಬಳಿಕ ಆಚಾರ್ಯರ ನಾಮ, ಕೊನೆಗೆ ಮಾಡಿಸಿದವನ ನಾಮ. ಈ ಕ್ರಮವೇ ವಿನಯ.

ಇಂದಿನ ಬಸದಿಗಳಲ್ಲಿ ಈ ಕ್ರಮ ತಲೆಕೆಳಗಾಗುವ ಅಪಾಯವಿದೆ. ಸವಾಲಿನಲ್ಲಿ ಹೆಚ್ಚು ಕೂಗಿದವನಿಗೆ ಮೊದಲ ಕಲಶವೆಂದಾದಾಗ, ಕೊಡಲಾರದ ಶ್ರಾವಕನು ತನ್ನ ಭಕ್ತಿಯೇ ಕಿರಿದೆಂದು ಭಾವಿಸಿ ಹಿಂದೆ ಸರಿಯುತ್ತಾನೆ; ಕೊಟ್ಟವನು ಜಿನನ ಮೇಲೆ ಹಕ್ಕು ಸ್ಥಾಪಿಸಿಕೊಳ್ಳುತ್ತಾನೆ. ನಷ್ಟ ಇಬ್ಬರಿಗೂ. ಟ್ರಸ್ಟುಗಳಿಗೆ ಧನ ಬೇಕು, ದಾನಿಗೆ ರಸೀದಿಯೂ ಸಲ್ಲಬೇಕು. ಆದರೆ ದಾನದ ದಾಖಲೆಗೆ ಕಚೇರಿಯಿದೆ. ಗರ್ಭಗೃಹದ ದ್ವಾರ ಅದಕ್ಕೆ ತಕ್ಕ ಎಡೆಯಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶ್ರಾವಕರಿಗೆ ಈ ಪಾಠಕ್ಕಾಗಿ ದೂರದ ಯಾತ್ರೆ ಬೇಕಿಲ್ಲ. ಪಾಲ್ಕಿಗುಂಡಿನ ಪಾದಗಳನ್ನು ನೋಡಬೇಕಾದರೆ ತಲೆ ಬಾಗಲೇಬೇಕು.