ಡಾಸ್ ಪ್ಯಾಸೊಸನ ‘ಯು. ಎಸ್. ಎ.’: ನಾಯಕವಿಚಾರ

೧

ನಡೆದ ಕಥೆಯನ್ನು ಕ್ರಮವಾಗಿ ಒಪ್ಪಿಸುವುದು ಇತಿಹಾಸಕಾರನ ಧರ್ಮ. ರಸಕ್ಕೆ ಅನುಗುಣವಾಗಿ ಅದರಲ್ಲಿ ಕೆಲವನ್ನು ಆರಿಸಿ, ಕೆಲವನ್ನು ಬಿಟ್ಟು, ಬೇರೊಂದು ವಸ್ತುವನ್ನಾಗಿ ಮಾಡುವುದು ಕವಿಯ ಧರ್ಮ. ಈ ವಿವೇಕವನ್ನು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿರುವನೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಹಳೆಯ ಕಾವ್ಯಗಳಿಗೆ ಇದನ್ನು ಅನ್ವಯಿಸುವುದು ಸುಲಭ. ಅವುಗಳ ಇತಿವೃತ್ತವು ನಮ್ಮಿಂದ ಬಹುದೂರದ್ದು. ಕಾರ್ಖಾನೆ, ಷೇರುಪೇಟೆ, ವೃತ್ತಪತ್ರಿಕೆ, ಮಹಾಯುದ್ಧ ಇವುಗಳೇ ಇತಿವೃತ್ತವಾಗಿರುವ ಗ್ರಂಥವೊಂದು ಎದುರಿಗೆ ಬಂದಾಗ ನಮ್ಮ ಶಾಸ್ತ್ರವು ಎಷ್ಟು ದೂರ ನಡೆಯಬಲ್ಲದೆಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಗೆ ಆರಿಸಿಕೊಂಡಿರುವುದು ಅಮೆರಿಕದ ಜಾನ್ ಡಾಸ್ ಪ್ಯಾಸೊಸನ (೧೮೯೬–೧೯೭೦) ‘ಯು. ಎಸ್. ಎ.’ ಎಂಬ ಕಾದಂಬರೀತ್ರಯ. ‘ನಲವತ್ತೆರಡನೆಯ ಅಕ್ಷಾಂಶ’ ೧೯೩೦ರಲ್ಲಿಯೂ, ‘೧೯೧೯’ ಎಂಬುದು ೧೯೩೨ರಲ್ಲಿಯೂ, ‘ದೊಡ್ಡ ಹಣ’ ೧೯೩೬ರಲ್ಲಿಯೂ ಪ್ರಕಟವಾಗಿ, ಮೂರೂ ೧೯೩೮ರಲ್ಲಿ ಒಂದೇ ಸಂಪುಟವಾದುವು. ಅದೇ ವರ್ಷ ಫ್ರಾನ್ಸಿನ ಸಾರ್ತ್ರನು ಈ ಲೇಖಕನನ್ನು ತನ್ನ ಕಾಲದ ಲೇಖಕರಲ್ಲೆಲ್ಲ ಶ್ರೇಷ್ಠನೆಂದು ಹೊಗಳಿದನು. ಇಂದು ಈ ಗ್ರಂಥದ ಹೆಸರನ್ನು ಕೇಳಿದವರು ಬಹು ಮಂದಿ, ಕಡೆಯವರೆಗೆ ಓದಿದವರು ಕೆಲವರು. ‘ಇದರಲ್ಲಿ ನಾಯಕನೇ ಇಲ್ಲ’ ಎಂಬ ಆಕ್ಷೇಪವೇ ಅನೇಕರನ್ನು ಅರ್ಧದಲ್ಲಿ ನಿಲ್ಲಿಸುವುದು. ಕಾವ್ಯಪ್ರಕಾಶವನ್ನೂ ಸಾಹಿತ್ಯದರ್ಪಣವನ್ನೂ ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ನಮ್ಮಂಥವರಿಗೂ ಮೊದಲ ಓದಿನಲ್ಲಿ ಹಾಗೆಯೇ ತೋರಿತು. ಎರಡನೆಯ ಓದಿನಲ್ಲಿ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

೨

ಇತಿವೃತ್ತವನ್ನು ಮೊದಲು ನೋಡುವ. ೧೮೯೮ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಸ್ಪೇಯ್ನ್ ದೇಶದೊಡನೆ ಯುದ್ಧಮಾಡಿ ಗೆದ್ದಿತು. ಅದೇ ಡಿಸೆಂಬರಿನ ಪ್ಯಾರಿಸ್ ಒಪ್ಪಂದದಿಂದ ಪೋರ್ಟೋ ರೀಕೊ, ಗ್ವಾಮ್ ದ್ವೀಪಗಳೂ, ಎರಡು ಕೋಟಿ ಡಾಲರುಗಳನ್ನು ತೆತ್ತು ಫಿಲಿಪ್ಪೀನ್ ದ್ವೀಪಸಮೂಹವೂ ಅದರ ವಶವಾದುವು. ಹವಾಯಿಯು ಅದೇ ವರ್ಷ ಸೇರಿತು. ಪರರ ಆಳ್ವಿಕೆಯನ್ನು ಕಿತ್ತೊಗೆದು ಹುಟ್ಟಿದ ರಾಷ್ಟ್ರವು ಪರರನ್ನು ಆಳುವ ರಾಷ್ಟ್ರವಾಯಿತು. ೧೯೧೪ರಲ್ಲಿ ಪನಾಮಾ ಕಾಲುವೆ ತೆರೆಯಿತು. ೧೯೧೭ರ ಏಪ್ರಿಲ್ ೬ರಂದು ಆ ರಾಷ್ಟ್ರವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಅದರ ಯೋಧರಲ್ಲಿ ಸುಮಾರು ೧,೧೬,೦೦೦ ಮಂದಿ ಸತ್ತರು. ಅನಂತರದ ದಶಕದಲ್ಲಿ ಮೋಟಾರು, ವಿದ್ಯುಚ್ಛಕ್ತಿ, ಚಲಚ್ಚಿತ್ರ, ಷೇರು ಇವುಗಳ ಅಮಲು ಏರಿ, ೧೯೨೯ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ೧೯೩೩ರ ವೇಳೆಗೆ ದುಡಿಯುವವರಲ್ಲಿ ನಾಲ್ವರಿಗೊಬ್ಬನಂತೆ ಸುಮಾರು ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಜನ ನಿರುದ್ಯೋಗಿಗಳಾಗಿದ್ದರು.

ಈ ಮೂವತ್ತು ವರ್ಷಗಳನ್ನು ಲೇಖಕನು ನಾಲ್ಕು ಎಳೆಗಳಲ್ಲಿ ನೆಯ್ದಿರುವನು. ಒಂದನೆಯದು ಹನ್ನೆರಡು ಕಲ್ಪಿತ ಪಾತ್ರಗಳ ಕಥೆ. ಎರಡನೆಯದು ‘ವಾರ್ತಾಚಿತ್ರ’, ಪತ್ರಿಕೆಗಳ ತಲೆಬರಹ, ಜಾಹೀರಾತು, ಬೀದಿಹಾಡುಗಳ ತುಣುಕುಗಳಿಂದಾದ ೬೮ ಖಂಡಗಳು. ಮೂರನೆಯದು ಆ ಕಾಲದ ನಿಜವ್ಯಕ್ತಿಗಳ ಚರಿತ್ರೆಗಳು. ಇವುಗಳ ಗದ್ಯವು ಪದ್ಯದಂತೆ ಸಾಲು ಮುರಿದು ನಡೆಯುವುದು. ನಾಲ್ಕನೆಯದು ‘ಕ್ಯಾಮೆರಾದ ಕಣ್ಣು’. ಲೇಖಕನ ಸ್ವಾನುಭವವು ವಿರಾಮಚಿಹ್ನೆಗಳಿಲ್ಲದೆ ಹರಿಯುವ ೫೧ ಖಂಡಗಳು. ಗದ್ಯಪದ್ಯಮಯವಾದ ಚಂಪುವನ್ನು ಬಲ್ಲ ಕನ್ನಡಿಗನಿಗೆ ಇದರಲ್ಲಿ ಅಪೂರ್ವವೇನೂ ಇಲ್ಲವೆಂದು ತೋರಬಹುದು. ಆದರೆ ಒಂದು ಭೇದವುಂಟು. ಪಂಪನ ಚಂಪುವಿನಲ್ಲಿ ಗದ್ಯವೂ ಪದ್ಯವೂ ಒಂದೇ ಅರ್ಥದ ಕಡೆಗೆ ಕೈಕೈ ಹಿಡಿದು ನಡೆಯುವುವು. ಇಲ್ಲಿ ಒಂದು ಎಳೆಯು ಹೇಳಿದುದನ್ನು ಇನ್ನೊಂದು ಎಳೆಯು ಅಲ್ಲಗಳೆಯುವುದು. ವಾರ್ತಾಚಿತ್ರವು ವಿಜಯವನ್ನು ಸಾರುತ್ತಿರುವಾಗಲೇ ಕಥೆಯಲ್ಲಿ ಒಬ್ಬನು ಹೊಡೆದಾಟದಲ್ಲಿ ಸಾಯುವನು: ನಾವಿಕನಾದ ಜೋ ವಿಲಿಯಮ್ಸನು ಮಡಿಯುವುದು ೧೯೧೮ರ ನವೆಂಬರಿನಲ್ಲಿ, ಯುದ್ಧವು ನಿಂತ ಸಂತೋಷದ ರಾತ್ರಿಯಲ್ಲಿ, ಫ್ರಾನ್ಸಿನ ರೇವುಪಟ್ಟಣವೊಂದರ ಹೆಂಡದಂಗಡಿಯಲ್ಲಿ. ಯುದ್ಧವು ಕೊಲ್ಲದವನನ್ನು ಶಾಂತಿಯ ಉತ್ಸವವು ಕೊಲ್ಲುವುದು.

೩

ಇನ್ನು ಪೂರ್ವಪಕ್ಷ. ಸಾಹಿತ್ಯದರ್ಪಣಕಾರನು ಮಹಾಕಾವ್ಯಕ್ಕೆ ಧೀರೋದಾತ್ತನಾದ ಒಬ್ಬ ನಾಯಕನನ್ನಾಗಲಿ, ರಘುವಂಶದಲ್ಲಿರುವಂತೆ ಒಂದೇ ವಂಶದ ಅನೇಕ ರಾಜರನ್ನಾಗಲಿ ವಿಧಿಸಿರುವನು. ಇಲ್ಲಿಯ ಹನ್ನೆರಡು ಮಂದಿ ಒಂದು ವಂಶದವರೂ ಅಲ್ಲ, ಧೀರೋದಾತ್ತರೂ ಅಲ್ಲ. ಮುದ್ರಣಾಲಯದ ಕೆಲಸಗಾರ ಮ್ಯಾಕ್, ಯಂತ್ರವನ್ನು ಬಲ್ಲ ಚಾರ್ಲಿ ಆಂಡರ್ಸನ್, ನಟಿಯಾಗುವ ಮಾರ್ಗೊ ಡೌಲಿಂಗ್, ಕೂಲಿಕಾರರಿಗಾಗಿ ಸವೆಯುವ ಮೇರಿ ಫ್ರೆಂಚ್, ಹೀಗೆ ಒಬ್ಬೊಬ್ಬರೂ ಬಂದು ಹೋಗುವರು. ‘ದೇಶವೇ ನಾಯಕ’ ಎಂದು ಕೆಲವರು ಸಮಾಧಾನ ಹೇಳುವುದುಂಟು. ಅದು ನಮಗೆ ಸಮ್ಮತವಲ್ಲ. ದೇಶವು ಆಶ್ರಯವಾದೀತೇ ಹೊರತು ನಾಯಕನಾಗಲಾರದು; ಯಾವುದಕ್ಕೆ ಉದಯವೂ ಪರೀಕ್ಷೆಯೂ ಪತನವೂ ಸಂಭವಿಸುವುವೋ ಅದು ನಾಯಕ.

ಅಂಥದು ಈ ಗ್ರಂಥದಲ್ಲಿ ಒಂದಿದೆ. ಅದು ವಾಕ್ಕು, ಜನರ ಮಾತು. ಒಂದೇ ಸಂಪುಟವಾದಾಗ ಸೇರಿಸಿದ ಪೀಠಿಕೆಯಲ್ಲಿ ಲೇಖಕನು, ಈ ದೇಶವೆಂದರೆ ಇದು, ಇದು, ಇದು ಎಂದು ಎಣಿಸುತ್ತ ಹೋಗಿ, ಕಡೆಗೆ ಅದು ಬಹುಮಟ್ಟಿಗೆ ಜನರ ಮಾತೇ ಎಂದು ನಿಲ್ಲಿಸುವನು. ಇದನ್ನು ಅಲಂಕಾರದ ಮಾತೆಂದು ದಾಟಿ ಹೋಗುವವರು ಗ್ರಂಥದ ಬೀಗದ ಕೈಯನ್ನೇ ಕಳೆದುಕೊಳ್ಳುವರು. ಸ್ವಾತಂತ್ರ್ಯ, ಸಮಾನತೆ, ನ್ಯಾಯ ಎಂಬ ಶಬ್ದಗಳ ಮೇಲೆ ಒಂದು ರಾಷ್ಟ್ರವು ನಿಂತಿತ್ತು. ಆ ಶಬ್ದಗಳು ಅರ್ಥವನ್ನು ಹೇಗೆ ಕಳೆದುಕೊಂಡುವು, ಯಾರ ಕೈಯಲ್ಲಿ ಕಳೆದುಕೊಂಡುವು ಎಂಬುದೇ ಇಲ್ಲಿಯ ಕಥೆ.

ಇದಕ್ಕೆ ಸಾಧಕಗಳನ್ನು ಕೊಡುವೆವು. ಹನ್ನೆರಡು ಪಾತ್ರಗಳಲ್ಲಿ ಉಳಿದವರೆಲ್ಲರ ಬಾಳನ್ನೂ ಹೇಗಾದರೂ ಮುಟ್ಟುವವನು ಜೆ. ವಾರ್ಡ್ ಮೂರ್‌ಹೌಸ್. ಅವನು ಹುಟ್ಟಿದುದು ಜುಲೈ ೪ರಂದು, ಅಂದರೆ ಆ ದೇಶದ ಸ್ವಾತಂತ್ರ್ಯದಿನದಂದು. ಅವನ ಉದ್ಯೋಗವೇನು? ಉಕ್ಕನ್ನು ಮಾಡುವುದಲ್ಲ, ಉಕ್ಕಿನ ಒಡೆಯರ ಪರವಾಗಿ ಮಾತನ್ನು ಮಾಡುವುದು. ಕೂಲಿಗೂ ಬಂಡವಾಳಕ್ಕೂ ಸೌಹಾರ್ದವೆಂದು ಬರೆಯುವುದು. ಪ್ರಚಾರವೆಂಬ ಈ ವ್ಯಾಪಾರದಿಂದ ಅವನು ಮೇಲೇರಿ, ಯುದ್ಧಕಾಲದಲ್ಲಿ ಪ್ಯಾರಿಸಿಗೂ ಹೋಗುವನು. ಅವನ ಕೈಕೆಳಗೆ ಸೇರುವ ರಿಚರ್ಡ್ ಸ್ಯಾವೇಜನು ಒಂದು ಕಾಲಕ್ಕೆ ಕವಿ; ಯುದ್ಧವನ್ನು ದ್ವೇಷಿಸಿ ಕಾಗದ ಬರೆದು ಪೇಚಿಗೆ ಸಿಕ್ಕಿದವನು. ಆಮೇಲೆ ಅವನು ಸೈನ್ಯದಲ್ಲಿ ಅಧಿಕಾರಿಯಾಗಿ, ಕಡೆಗೆ ಔಷಧಿಯ ವ್ಯಾಪಾರಿಯೊಬ್ಬನ ಸರಕಿಗೆ ಸ್ತುತಿಯನ್ನು ರಚಿಸುವನು. ಕವಿಯು ಮಾತಿನ ವರ್ತಕನ ಗುಮಾಸ್ತನಾದನು. ಇಷ್ಟು ಕ್ರೂರವಾದ ಪತನವು ಈ ಗ್ರಂಥದಲ್ಲಿ ಮತ್ತೊಂದಿಲ್ಲ. ಅದು ಕ್ರೂರವೆಂದು ಸ್ಯಾವೇಜನಿಗೆ ಪೂರ್ತಿಯಾಗಿ ತಿಳಿಯದಿರುವುದೇ ಅದರ ಕ್ರೌರ್ಯ.

ನಿಜವ್ಯಕ್ತಿಗಳ ಚರಿತ್ರೆಗಳಲ್ಲಿಯೂ ಇದೇ ಸೂತ್ರವು ಓಡುವುದು. ವಿಲಿಯಂ ಜೆನಿಂಗ್ಸ್ ಬ್ರಯನನು ೧೮೯೬ರಲ್ಲಿ ಒಂದೇ ಉಪನ್ಯಾಸದಿಂದ ರಾಷ್ಟ್ರಾಧ್ಯಕ್ಷಪದವಿಗೆ ಅಭ್ಯರ್ಥಿಯಾದವನು. ೧೯೦೦ರಲ್ಲಿ ಸಾಮ್ರಾಜ್ಯದಾಹವನ್ನು ಖಂಡಿಸಿ ನಿಂತವನು. ಅದೇ ವಾಗ್ಮಿಯು ಮುಪ್ಪಿನಲ್ಲಿ ಫ್ಲಾರಿಡಾದ ನಿವೇಶನಗಳನ್ನು ಮಾರಲು ಸಂಬಳಕ್ಕೆ ಉಪನ್ಯಾಸ ಮಾಡಿದನು. ವುಡ್ರೊ ವಿಲ್ಸನನು ಪಾದ್ರಿಗಳ ಮನೆತನದವನು, ಪವಿತ್ರವಾಕ್ಯಗಳ ನಡುವೆ ಬೆಳೆದವನು. ದೇಶವನ್ನು ಯುದ್ಧದಿಂದ ದೂರವಿಟ್ಟವನೆಂಬ ಹೊಗಳಿಕೆಯ ಮೇಲೆ ೧೯೧೬ರಲ್ಲಿ ಮತ್ತೆ ಆಯ್ಕೆಯಾಗಿ, ಹೊಸ ಅಧಿಕಾರಾವಧಿಯು ಆರಂಭವಾದ ಮರುತಿಂಗಳಲ್ಲೇ ದೇಶವನ್ನು ಯುದ್ಧಕ್ಕೆ ಒಯ್ದನು. ಪ್ರಜಾಸತ್ತೆಗೆ ಲೋಕವನ್ನು ಸುರಕ್ಷಿತವಾಗಿ ಮಾಡುವೆನೆಂದವನ ಆಳ್ವಿಕೆಯಲ್ಲಿ, ೧೯೧೮ರಲ್ಲಿ, ಯೂಜೀನ್ ಡೆಬ್ಸ್ ಎಂಬ ಕಾರ್ಮಿಕಮುಖಂಡನಿಗೆ ಒಂದು ಭಾಷಣಕ್ಕಾಗಿ ಹತ್ತು ವರ್ಷಗಳ ಸೆರೆ ವಿಧಿಸಲ್ಪಟ್ಟಿತು. ಒಬ್ಬನ ಮಾತು ಸೇನೆಯನ್ನು ಸಮುದ್ರದಾಚೆಗೆ ಕಳುಹಿಸುವುದು. ಇನ್ನೊಬ್ಬನ ಮಾತು ಆಡಿದವನನ್ನೇ ಸೆರೆಗೆ ಕಳುಹಿಸುವುದು. ಮಾತಿನ ಬೆಲೆಯನ್ನು ಗೊತ್ತುಮಾಡುವವರು ಯಾರೆಂಬುದನ್ನು ಲೇಖಕನು ವ್ಯಾಖ್ಯಾನವಿಲ್ಲದೆ, ಕೇವಲ ಸನ್ನಿಧಿಯಿಂದ ಧ್ವನಿಸಿರುವನು.

ಹಣದ ಕುಸಿತವೂ ಈ ನಾಯಕನ ಕಥೆಯೇ. ಷೇರುಪತ್ರ, ಹುಂಡಿ, ಬ್ಯಾಂಕಿನ ಲೆಕ್ಕದ ಪುಸ್ತಕ ಇವೆಲ್ಲವೂ ಕೊಟ್ಟ ಮಾತಿನ ಬರಹಗಳಲ್ಲದೆ ಮತ್ತೇನು? ಎಡಿಸನ್ನನ ಗುಮಾಸ್ತನಾಗಿ ಬಂದು ವಿದ್ಯುಚ್ಛಕ್ತಿಯ ಕಂಪೆನಿಗಳ ಮೇಲೆ ಕಂಪೆನಿಗಳನ್ನು ಕಟ್ಟಿದ ಸ್ಯಾಮ್ಯುಅಲ್ ಇನ್ಸಲ್ಲನ ಚರಿತ್ರೆಯನ್ನು ಲೇಖಕನು ಗ್ರಂಥದ ಕೊನೆಯಲ್ಲಿ ಇಟ್ಟಿರುವುದು ಆಕಸ್ಮಿಕವಲ್ಲ. ಅವನ ಕಟ್ಟಡವು ೧೯೩೨ರಲ್ಲಿ ಉರುಳಿತು. ೧೯೩೦ರಿಂದ ೧೯೩೩ರವರೆಗೆ ಸುಮಾರು ೯,೦೦೦ ಬ್ಯಾಂಕುಗಳು ಮುಳುಗಿದುವು. ಮೊದಲು ಮಾತು ದಿವಾಳಿಯೆದ್ದಿತು, ಹಣವು ಅನಂತರ ಅದನ್ನು ಹಿಂಬಾಲಿಸಿತು. ಅರ್ಥಶಾಸ್ತ್ರಜ್ಞರು ಇದಕ್ಕೆ ಬೇರೆ ಕಾರಣಗಳನ್ನು ಹೇಳುವರು, ಅವು ಸರಿಯೇ ಇರಬಹುದು. ಕವಿಯು ಕಂಡ ಕಾರ್ಯಕಾರಣಭಾವವು ಮಾತ್ರ ಇದು.

೪

ಅಂಗಿರಸವು ಯಾವುದು? ರಾಮಾಯಣಕ್ಕೆ ಕರುಣವನ್ನೂ, ವೃಷ್ಣಿಗಳ ಮತ್ತು ಪಾಂಡವರ ದಾರುಣವಾದ ಅಂತ್ಯವನ್ನು ನೋಡಿ ಮಹಾಭಾರತಕ್ಕೆ ಶಾಂತವನ್ನೂ ಆನಂದವರ್ಧನನು ನಿರ್ಣಯಿಸಿದನು. ಇಲ್ಲಿಯೂ ಎಲ್ಲರ ಅಂತ್ಯವು ದಾರುಣವೇ. ಆದುದರಿಂದ ಶಾಂತವೇ ಅಂಗಿಯೆಂದು ಹೇಳಲು ನಮ್ಮ ಮನಸ್ಸು ಮೊದಲು ಓಡಿತು. ಎರಡು ಪ್ರಕರಣಗಳು ಅದನ್ನು ತಡೆದುವು.

ಮೊದಲನೆಯದು ‘೧೯೧೯’ರ ಕೊನೆಯ ಪ್ರಕರಣ. ಹೆಸರು ತಿಳಿಯದ ಸೈನಿಕನೊಬ್ಬನ ಶವವನ್ನು ಆರಿಸಿ ತಂದು ೧೯೨೧ರ ನವೆಂಬರ್ ೧೧ರಂದು ಆರ್ಲಿಂಗ್ಟನ್ನಿನಲ್ಲಿ ಹೂಳಿದ ವೃತ್ತಾಂತವದು. ಸಭೆಯ ನಿರ್ಣಯದ ಘನಗಂಭೀರವಾದ ಭಾಷೆಯೂ, ಯಾವ ಊರಿನಲ್ಲಿ ಬೇಕಾದರೂ ಹುಟ್ಟಿರಬಹುದಾಗಿದ್ದ ಒಬ್ಬ ಹುಡುಗನ ಮೈಯ ನೆನಪೂ ಒಂದರೊಳಗೊಂದು ಹೆಣೆದುಕೊಂಡಿವೆ. ಪದಕಗಳನ್ನು ಇಡಲು ಎದೆಯೇ ಉಳಿದಿಲ್ಲದ ದೇಹಕ್ಕೆ ದೇಶದೇಶಗಳ ಪದಕಗಳು ಬರುವುವು. ಇಲ್ಲಿ ವಿಭಾವವು ಶವವಲ್ಲ, ಶವದ ಮೇಲೆ ಹೊದಿಸಿದ ಮಾತು. ಶೋಕವು ಕ್ರೋಧದ ಅಂಚಿನವರೆಗೆ ಹೋದರೂ ಕರುಣವನ್ನು ಬಿಟ್ಟು ರೌದ್ರಕ್ಕೆ ತಿರುಗುವುದಿಲ್ಲ.

ಎರಡನೆಯದು ಇಡೀ ಗ್ರಂಥದ ಕೊನೆ. ಹಸಿದ ಯುವಕನೊಬ್ಬನು ರಸ್ತೆಯ ಅಂಚಿನಲ್ಲಿ ಹೋಗುವ ವಾಹನಗಳಿಗೆ ಕೈಯೊಡ್ಡಿ ನಿಂತಿರುವನು. ಮೇಲೆ ಆಕಾಶದಲ್ಲಿ ವಿಮಾನವೊಂದು ಹಾರುವುದು; ಅದರೊಳಗೆ ಲಾಭದ ಲೆಕ್ಕದಲ್ಲಿರುವ ಪ್ರಯಾಣಿಕನೊಬ್ಬನು ತಿಂದ ಮೃಷ್ಟಾನ್ನವನ್ನು ವಾಂತಿ ಮಾಡಿಕೊಳ್ಳುವನು. ಕೆಳಗಿನವನ ಕಿವಿಯಲ್ಲಿ ಪಾಠಪುಸ್ತಕವೂ ಜಾಹೀರಾತೂ ಕೊಟ್ಟ ಮಾತುಗಳು ಇನ್ನೂ ಮೊಳಗುತ್ತಿವೆ. ಇಲ್ಲಿ ಶಾಂತಕ್ಕೆ ಎಡೆಯೆಲ್ಲಿ? ಭೋಗಿಸಿ ಬೇಸತ್ತ ಪಾಂಡವರಿಗೆ ನಿರ್ವೇದವು ಉಚಿತ. ಊಟವನ್ನೇ ಕಾಣದವನಿಗೆ ವೈರಾಗ್ಯವನ್ನು ಬೋಧಿಸುವುದು ಅನೌಚಿತ್ಯದ ಪರಮಾವಧಿ. ಈ ಲೇಖಕನು ಶಾಂತದ ಸೌಲಭ್ಯವನ್ನು ಬೇಕೆಂದೇ ನಿರಾಕರಿಸಿ, ಓದುಗನನ್ನು ಕರುಣದಲ್ಲಿ ಸಮಾಧಾನವಿಲ್ಲದೆ ನಿಲ್ಲಿಸುವನು. ಇದೇ ಈ ಗ್ರಂಥದ ಧರ್ಮಬುದ್ಧಿಯೆಂದು ನಮ್ಮ ನಿರ್ಣಯ.

ನಾಯಕನಾದ ವಾಕ್ಕಿಗೆ ಪುನರುಜ್ಜೀವನವಿಲ್ಲವೇ? ಒಂದು ಕಡೆ ಅದರ ಕುರುಹುಂಟು. ೧೯೨೭ರ ಆಗಸ್ಟ್ ೨೩ರಂದು ಬಾಸ್ಟನ್ನಿನಲ್ಲಿ ಸ್ಯಾಕೊ, ವ್ಯಾನ್ಜೆಟ್ಟಿ ಎಂಬ ಇಟಲಿಯ ವಲಸೆಗಾರರಿಬ್ಬರಿಗೆ ಮರಣದಂಡನೆಯಾಯಿತು. ಲೋಕದ ಅನೇಕ ಕಡೆಗಳಲ್ಲಿ ಅದನ್ನು ಅನ್ಯಾಯವೆಂದು ಕೂಗಿದರು. ಈ ಸಂದರ್ಭದ ‘ಕ್ಯಾಮೆರಾದ ಕಣ್ಣು’ ಖಂಡಗಳಲ್ಲಿ ಲೇಖಕನು, ವಲಸೆಗಾರರು ಬಂದಿಳಿದ ಪ್ಲಿಮತ್ತಿನಲ್ಲಿ, ಅಂದರೆ ವ್ಯಾನ್ಜೆಟ್ಟಿಯು ಮೀನು ಮಾರಿದ ಊರಿನಲ್ಲಿಯೇ, ನಡೆದಾಡುತ್ತ, ಹಾಳಾದ ಶಬ್ದಗಳನ್ನು ಮತ್ತೆ ಕಟ್ಟುವ ಬಗೆಯನ್ನು ಚಿಂತಿಸುವನು. ದೇಶವು ಎರಡಾಗಿದೆಯೆಂದು ಅಲ್ಲಿಯೇ ಒಪ್ಪಿಕೊಳ್ಳುವನು. ಪ್ರಬಲರು ಮಾತನ್ನು ತಲೆಕೆಳಗು ಮಾಡಿದರೂ, ಸಾಯುವ ಇಬ್ಬರು ಬಡವರ ಮುರುಕು ಇಂಗ್ಲಿಷಿನಲ್ಲಿ ಅದು ಮರಳಿ ಅರ್ಥವತ್ತಾಯಿತೆಂಬುದು ಅಲ್ಲಿಯ ಧ್ವನಿ.

೫

ದೋಷಗಳನ್ನು ಮರೆಮಾಚುವುದು ವಿಮರ್ಶೆಯಲ್ಲ. ಕಲ್ಪಿತ ಪಾತ್ರಗಳ ಕಥಾಭಾಗವು ಬಹು ಕಡೆ ನೀರಸ. ಕುಡಿತ, ಪ್ರಣಯ, ಪ್ರಯಾಣಗಳ ಪುನರುಕ್ತಿಯಿಂದ ಓದುಗನು ದಣಿಯುವನು. ಅರ್ಥ ಕಳೆದುಕೊಂಡ ಮಾತಿನಲ್ಲಿ ಬದುಕುವವರ ಕಥೆಯನ್ನು ಅದೇ ಮಾತಿನಲ್ಲಿ ಹೇಳಬೇಕಾಯಿತೆಂದು ಸಮಾಧಾನ ಹೇಳಬಹುದು. ಆ ಸಮಾಧಾನವು ದೋಷವನ್ನು ವಿವರಿಸುವುದೇ ಹೊರತು ಕಳೆಯುವುದಿಲ್ಲ.

ಇದಕ್ಕಿಂತ ಗುರುತರವಾದುದು ಇನ್ನೊಂದು. ಗ್ರಂಥದ ಮೊದಲ ವಾರ್ತಾಚಿತ್ರದಲ್ಲಿಯೇ ಫಿಲಿಪ್ಪೀನ್ ಯುದ್ಧದ ಸೈನಿಕರ ಹಾಡು ಕೇಳಿಸುವುದು. ಆ ಯುದ್ಧದಲ್ಲಿ (೧೮೯೯–೧೯೦೨) ಸತ್ತ ಅಮೆರಿಕದವರು ೪,೨೦೦ಕ್ಕೆ ಮೇಲೆ. ಫಿಲಿಪ್ಪೀನಿನ ಯೋಧರು ೨೦,೦೦೦ಕ್ಕೆ ಮೇಲೆ. ಯುದ್ಧ, ಕ್ಷಾಮ, ರೋಗಗಳಿಂದ ಸತ್ತ ಅಲ್ಲಿಯ ಪ್ರಜೆಗಳು ಎರಡು ಲಕ್ಷದವರೆಗೆಂದು ಎಣಿಕೆ. ಹಾಡು ಸತ್ತ ಅಮೆರಿಕದವರದು; ಸತ್ತ ದ್ವೀಪವಾಸಿಗಳಿಗೆ ಗ್ರಂಥದಲ್ಲಿ ಒಂದು ಬಾಯಿಯೂ ಇಲ್ಲ. ಮಧ್ಯ ಅಮೆರಿಕದಲ್ಲಿ ಬಾಳೆಯ ತೋಟಗಳಿಂದ ಸಾಮ್ರಾಜ್ಯ ಕಟ್ಟಿದ ಮೈನರ್ ಕೀತನಿಗೆ ಚರಿತ್ರೆಯುಂಟು. ಆ ತೋಟಗಳಲ್ಲಿ ಗೊನೆ ಹೊತ್ತವನಿಗೆ ಇಲ್ಲ. ಆ ದೇಶದ ಕರಿಯ ಜನಾಂಗದ ಒಬ್ಬ ಸ್ತ್ರೀಗೂ ಒಬ್ಬ ಪುರುಷನಿಗೂ ಚರಿತ್ರೆಗಳ ಸಾಲಿನಲ್ಲಿ ಸ್ಥಾನವಿಲ್ಲ. ಜನರ ಮಾತೇ ದೇಶವೆಂದು ಸಾರಿದ ಗ್ರಂಥದಲ್ಲಿ ಇಷ್ಟು ಜನರ ಮೌನವು ಕೇವಲ ನ್ಯೂನತೆಯಲ್ಲ, ಪ್ರತಿಜ್ಞಾಭಂಗ. ಎರಡು ದೇಶಗಳನ್ನು ಕಂಡವನು ಮೂರನೆಯದನ್ನು ಕಾಣಲಿಲ್ಲ. ಪರಾಧೀನತೆಯ ಅನುಭವವಿದ್ದ ನಾಡಿನ ಓದುಗರಾದ ನಮಗೆ ಈ ಮೌನವು ಬೇಗ ಕೇಳಿಸುವುದು ಸಹಜ.

ಹೀಗಿದ್ದರೂ ಗ್ರಂಥವು ಉಳಿಯುವುದು. ವಾಕ್ಕನ್ನು ಕಾವ್ಯದ ಶರೀರವೆಂದು ನಮ್ಮ ಆಲಂಕಾರಿಕರು ಬಣ್ಣಿಸಿದರು. ಆ ವಾಕ್ಕೇ ರೋಗಿಷ್ಠವಾದಾಗ ಕವಿಯು ಏನು ಮಾಡಬೇಕೆಂಬ ಪ್ರಶ್ನೆಯನ್ನು ಅವರು ವಿಚಾರಕ್ಕೆ ತೆಗೆದುಕೊಳ್ಳಲಿಲ್ಲ. ದೋಷಪ್ರಕರಣದಲ್ಲಿ ಗ್ರಾಮ್ಯ, ಅಶ್ಲೀಲ, ಅಪ್ರತೀತಗಳನ್ನು ಎಣಿಸಿದವರು, ಸಾಧುಶಬ್ದವೇ ಅಸತ್ಯದ ಸೇವೆಗೆ ನಿಲ್ಲುವುದನ್ನು ದೋಷವೆಂದು ಎಣಿಸಲಿಲ್ಲ. ತರಗತಿಯಲ್ಲಿ ಕಾವ್ಯಲಕ್ಷಣವನ್ನು ಬೋಧಿಸುವ ಮಿತ್ರರು ಆ ಪಟ್ಟಿಗೆ ಈ ಒಂದನ್ನು ಸೇರಿಸಿ, ಉದಾಹರಣೆಗೆ ಈ ಗ್ರಂಥವನ್ನು ತೋರಿಸಬಹುದೆಂದು ಸೂಚಿಸಿ ವಿರಮಿಸುವೆವು. ನಮ್ಮ ನಿರ್ಣಯದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಲಿ.