ಕಲ್ಯಾಣಕಾರಕದ ಒರೆಗಲ್ಲಿನಲ್ಲಿ ಭಂಗಿ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವನ್ನು ನಮ್ಮಲ್ಲಿ ಹೊಗಳುವವರು ಅನೇಕರು, ಓದುವವರು ವಿರಳ. 1940ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದದೊಡನೆ ಪ್ರಕಟವಾದ ಈ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ ಹಿತಾಹಿತಾಧ್ಯಾಯವಿದೆ. ಮಾಂಸವು ಔಷಧವಲ್ಲವೆಂದು ನೃಪತುಂಗನ ಸಭೆಯಲ್ಲಿ ಆಚಾರ್ಯರು ಮಂಡಿಸಿದ ವಾದವದು. ಆ ಅರಸನ ರಾಜಧಾನಿ ಮಳಖೇಡವು ನಮ್ಮ ಶಹಾಪುರಕ್ಕೆ ದೂರವೇನಲ್ಲ.

ಈ ಅಧ್ಯಾಯವನ್ನು ಮತ್ತೆ ತೆರೆಯುವಂತೆ ಮಾಡಿದ್ದು ಭಂಗಿಗಿಡದ ಚರ್ಚೆ. ನೆರೆಯ ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗುವ ಸಂಗತಿ 2020ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ಆ ಭಕ್ತರ ನಂಬಿಕೆ. ನಮ್ಮ ವಿಮರ್ಶೆಗೆ ಸೇರಿದ್ದಲ್ಲ. ನಮ್ಮ ಮನೆಗಳ ಪ್ರಶ್ನೆ ಬೇರೆ. ಕ್ಯಾನ್ಸರಿನಿಂದ ನರಳುತ್ತ, ಅನ್ನ ಸೇರದೆ ಸೊರಗುವ ಹಿರಿಯರಿಗೆ ಈ ಗಿಡದ ಸತ್ತ್ವವನ್ನು ಕೊಡಬಹುದೇ? ‘ಸಸ್ಯವಲ್ಲವೇ, ದೋಷವೇನು?’ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಮಾಂಸನಿಷೇಧವನ್ನು ಬರಿಯ ಆಜ್ಞೆಯಾಗಿ ಹೇಳದೆ ವೈದ್ಯದ ನೆಲೆಯಲ್ಲಿ ವಾದಿಸಿದ ಆಚಾರ್ಯರು ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ.

ಗುಣವಿರುವುದು ನಿಜ. 1964ರಲ್ಲಿ ಇಸ್ರೇಲಿನ ಗಾವೋನಿ ಮತ್ತು ಮೆಷೂಲಂ ಶುದ್ಧರೂಪದಲ್ಲಿ ಬೇರ್ಪಡಿಸಿದ ಟಿ.ಎಚ್.ಸಿ.ಯನ್ನು ಕೃತಕವಾಗಿ ತಯಾರಿಸಿದ್ದೇ ಡ್ರೋನಾಬಿನಾಲ್. ಅಮೆರಿಕೆಯಲ್ಲಿ ಅದಕ್ಕೆ 1985ರಲ್ಲಿ ಕೀಮೋಥೆರಪಿಯ ವಾಂತಿಗೂ 1992ರಲ್ಲಿ ಏಡ್ಸ್ ರೋಗಿಗಳ ಅರುಚಿಗೂ ಅನುಮತಿ ದೊರೆಯಿತು. ನೋವಿನ ವಿಷಯದಲ್ಲಿ ಮಾತು ಅಷ್ಟು ಖಚಿತವಲ್ಲ. ದೀರ್ಘಕಾಲದ ನೋವಿಗೆ ಗಣನೀಯ ಆಧಾರವಿದೆಯೆಂದು 2017ರಲ್ಲಿ ಅಮೆರಿಕೆಯ ರಾಷ್ಟ್ರೀಯ ಅಕಾಡೆಮಿಗಳು ಹೇಳಿದರೆ, 2021ರಲ್ಲಿ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘವು ಅನುಮೋದನೆ ನೀಡಲು ನಿರಾಕರಿಸಿತು.

ಇನ್ನು ಅಹಿಂಸೆಯ ಮಾತು. ಡ್ರೋನಾಬಿನಾಲನ್ನು ಎಳ್ಳೆಣ್ಣೆಯಲ್ಲಿ ಕರಗಿಸುತ್ತಾರೆ, ಸಂತೋಷ. ಆದರೆ ತುಂಬುವುದು ಪ್ರಾಣಿಗಳ ಚರ್ಮ ಮೂಳೆಗಳಿಂದಾಗುವ ಜೆಲಟಿನ್ ಕವಚದೊಳಗೆ. 2016ರಲ್ಲಿ ಅನುಮತಿ ಪಡೆದ ದ್ರವರೂಪಕ್ಕೆ ಕವಚವಿಲ್ಲ, ಆದರೆ ಅದರ ಅರ್ಧ ತೂಕ ಮದ್ಯಸಾರ! ಒಂದರಲ್ಲಿ ಪ್ರಾಣಿಯ ಅಂಶ, ಇನ್ನೊಂದರಲ್ಲಿ ಮದ್ಯ. ದೇಹದಲ್ಲೇ ಹುಟ್ಟುವ ಇದರ ಸಮಾನಪದಾರ್ಥಕ್ಕೆ ನಮ್ಮ ‘ಆನಂದ’ ಶಬ್ದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು; 1992ರಲ್ಲಿ ಅದನ್ನು ತೆಗೆದದ್ದು ಹಂದಿಯ ಮಿದುಳಿನಿಂದ. ಸೇವಿಸುವ ದ್ರವ್ಯವನ್ನು ತೂಗಿದ ಆಚಾರ್ಯರು ಪ್ರಯೋಗಶಾಲೆಯನ್ನು ತೂಗಬೇಕಾಗಿರಲಿಲ್ಲ. ಇಲ್ಲಿ ಅವರ ಗ್ರಂಥವೊಂದೇ ನಮಗೆ ಸಾಲದು.

ಆದರೂ ವೇದನೆಪಡುವ ಶ್ರಾವಕನಿಗೆ ಮದ್ದು ಬೇಡವೆನ್ನಲು ನನಗೆ ಮನಸ್ಸಿಲ್ಲ. ವೈದ್ಯರ ಸಲಹೆಯಂತೆ ಕಾಯಿಲೆಗಾಗಿ ಕೊಂಡದ್ದನ್ನು ಅಮಲಿಗಾಗಿ ಸೇದುವುದರೊಡನೆ ಸಮೀಕರಿಸಲಾಗದು. ಪ್ರಮಾದವೇ ಹಿಂಸೆಯ ಮೂಲವೆಂಬ ತತ್ತ್ವಾರ್ಥಸೂತ್ರದ ನಿಲುವು ಈ ಭೇದವನ್ನು ಬಿಡಿಸಿಕೊಡುತ್ತದೆ. ಹಾಗೆಯೇ, ಹಸಿವು ಬಾರದ ರೋಗಿ ಬೇರೆ, ಆಹಾರವನ್ನು ತಾನೇ ಕ್ರಮವಾಗಿ ತ್ಯಜಿಸುವ ಸಲ್ಲೇಖನಾವ್ರತಿ ಬೇರೆ. ಎರಡನೆಯವರಿಗೆ ಹಸಿವೆಯ ಮದ್ದನ್ನು ಕೊಡುವುದು, ಅದೂ ಎಚ್ಚರವನ್ನು ಮಸುಕಾಗಿಸುವಂಥದನ್ನು, ವ್ರತಭಂಗವೇ ಸರಿ.

ಔಷಧದಾನಕ್ಕೆ ಪ್ರತಿವರ್ಷ ಹಣ ತೆಗೆದಿಡುವ ಬಸದಿಗಳ ಟ್ರಸ್ಟುಗಳಿವೆ. ಕೊಳ್ಳುವ ಮಾತ್ರೆಯ ಕವಚ ಯಾವುದರದು, ಸಸ್ಯನಾರಿನ ಕವಚದಲ್ಲಿ ಅದೇ ಮದ್ದು ಸಿಗುವುದೇ ಎಂದು ಅಂಗಡಿಯವರನ್ನು ಕೇಳಿದ ಟ್ರಸ್ಟನ್ನು ನಾನಿನ್ನೂ ಕಂಡಿಲ್ಲ.