ಬರಿದಾದ ಅಂಕಣ

ವಿಮರ್ಶೆಗೆ ಕಾವ್ಯ ನಾಟಕಗಳೇ ವಿಷಯವಾಗಬೇಕೆಂಬ ಕಟ್ಟಳೆಯೇನೂ ಇಲ್ಲ. ವೃತ್ತಪತ್ರಿಕೆಯ ಒಂದು ಪುಟವನ್ನೂ ಕೃತಿಯೆಂದು ಬಗೆದು ಅದರ ಗುಣದೋಷಗಳನ್ನು ತೂಗಿ ನೋಡಬಹುದು. ತುರ್ತುಪರಿಸ್ಥಿತಿಯ ಕಾಲದ ಮೂರು ಪುಟಗಳನ್ನು ಇಲ್ಲಿ ಹಾಗೆ ಪರಿಶೀಲಿಸಬೇಕೆಂದಿದ್ದೇವೆ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಆ ರಾತ್ರಿಯೇ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿದ್ದ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ತನ್ನು ಕಡಿದರು. ಸುದ್ದಿಯನ್ನು ಅಚ್ಚಿಗೆ ಮುಂಚೆಯೇ ಸೆನ್ಸಾರ್ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬ ಆಜ್ಞೆ ಮರುದಿನ ಹೊರಟಿತು.

ಜೂನ್ 28ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ತನ್ನ ಸಂಪಾದಕೀಯದ ಜಾಗವನ್ನು ಬರಿದಾಗಿ ಬಿಟ್ಟಿತು. ನಮ್ಮ ಆಲಂಕಾರಿಕರು ಅರ್ಥವನ್ನು ವಾಚ್ಯ, ವ್ಯಂಗ್ಯ ಎಂದು ವಿಂಗಡಿಸುತ್ತಾರಷ್ಟೆ. ಇಲ್ಲಿ ವಾಚ್ಯವೇ ಇಲ್ಲ, ಇರುವುದೆಲ್ಲವೂ ವ್ಯಂಗ್ಯ. ಇದರ ಬಲವನ್ನು ಚೆನ್ನಾಗಿ ಅರಿತ ಸಹೃದಯರು ಸೆನ್ಸಾರ್ ಅಧಿಕಾರಿಗಳೇ ಎನ್ನಬೇಕು! ಸಂಪಾದಕೀಯವನ್ನು ಖಾಲಿ ಬಿಡಕೂಡದು, ಗಾಂಧೀಜಿ ಟಾಗೋರರಂಥವರ ಉಕ್ತಿಗಳಿಂದ ತುಂಬಲೂ ಕೂಡದು ಎಂದು ಅವರು ಸೂಚನೆ ಹೊರಡಿಸಿದರು.

ಅದೇ ದಿನ ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಒಂದು ಮರಣವಾರ್ತೆ ಜಾಹೀರಾತಾಗಿ ಬಂದಿತು. ತೀರಿಕೊಂಡವರು ಡಿ. ಇ. ಎಂ. ಓಕ್ರಸಿ, ಪತ್ನಿ ಟಿ. ರೂತ್, ಮಗ ಎಲ್. ಐ. ಬರ್ಟಿ. ಇಂಗ್ಲಿಷಿನಲ್ಲಿ ಕೂಡಿಸಿ ಓದಿದರೆ ಇವು ಪ್ರಜಾಪ್ರಭುತ್ವ, ಸತ್ಯ, ಸ್ವಾತಂತ್ರ್ಯ ಎಂದಾಗುತ್ತವೆ. ಶ್ಲೇಷೆ ನಗಿಸುತ್ತದೆ, ನಗು ಮುಗಿದ ಮೇಲೆ ಎದೆ ಭಾರವಾಗುತ್ತದೆ.

ಇವೆರಡನ್ನೂ ನಾವು ಮೆಚ್ಚುತ್ತೇವೆ. ಆದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಧ್ವನಿ ತಲಪುವುದು ಮೊದಲೇ ವಿಷಯ ಬಲ್ಲವನಿಗೆ. ಏನೋ ಅನ್ಯಾಯ ನಡೆದಿದೆಯೆಂಬುದನ್ನು ಖಾಲಿ ಜಾಗ ಸೂಚಿಸಬಲ್ಲುದು. ಯಾರಿಗೆ, ಎಲ್ಲಿ ಎಂಬುದನ್ನು ಹೇಳಲಾರದು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಬಂಧಿತರಾಗಿ, ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಅಂಥ ಸೆರೆವಾಸದ ಸುದ್ದಿಯನ್ನು ಯಾವ ಶ್ಲೇಷೆ ತಾನೆ ಊರಿಗೆ ಮುಟ್ಟಿಸೀತು?

ಮೂರನೆಯ ಪುಟ ತಮಿಳಿನದು. 1976ರ ಜನವರಿ 31ರಂದು ತಮಿಳುನಾಡಿನ ಕರುಣಾನಿಧಿಯವರ ಸರಕಾರ ವಜಾ ಆಯಿತು. ಬೆನ್ನಲ್ಲೇ ಅವರ ಪಕ್ಷದವರ ಬಂಧನಗಳು ನಡೆದುವು. ಆ ಸುದ್ದಿಯನ್ನು ಅಚ್ಚುಮಾಡುವಂತಿರಲಿಲ್ಲ. ಫೆಬ್ರವರಿ 3 ಅಣ್ಣಾದುರೈಯವರ ಪುಣ್ಯತಿಥಿ. ಅಂದು ಸಮಾಧಿಗೆ ಹೂಮಾಲೆಯಿಡಲು ಬರಲಾಗದವರು ಇಂತಿಂಥವರೆಂದು 'ಮುರಸೊಲಿ' ಹೆಸರುಗಳ ಪಟ್ಟಿಯನ್ನು ಪ್ರಕಟಿಸಿತು. ಮನೆಯವನೊಬ್ಬ ಏನಾದನೆಂದು ತಿಳಿಯದಿದ್ದವರಿಗೆ ಅದರಲ್ಲಿ ಉತ್ತರವಿತ್ತು. ಅಲಂಕಾರದ ದೃಷ್ಟಿಯಿಂದ ಇದು ಬರಿಯ ಪಟ್ಟಿ. ಆದರೆ ಮೂರರಲ್ಲಿ ಇದಕ್ಕೇ ನಾವು ಮೊದಲ ಮಣೆ ಹಾಕುತ್ತೇವೆ; ಇಲ್ಲಿ ಸೂಚನೆಯು ಸುದ್ದಿಯ ಹೊರೆಯನ್ನು ಹೊತ್ತಿದೆ.

ಖಾಲಿ ಜಾಗ ಬಿಟ್ಟವರ ಧೈರ್ಯ ಇದರಿಂದ ಕಿರಿದಾಗದು. ಬಗ್ಗಿರೆಂದರೆ ತೆವಳಿದಿರೆಂದು ಅಡ್ವಾಣಿಯವರು ಮುಂದೆ ಪತ್ರಕರ್ತರನ್ನು ಚುಚ್ಚಿದರು. ತೆವಳಿದವರ ಪುಟಗಳಲ್ಲಿ ಖಾಲಿ ಜಾಗವೇ ಇರಲಿಲ್ಲ, ಎಲ್ಲವೂ ತುಂಬಿ ತುಳುಕುತ್ತಿತ್ತು. 1977ರ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಿತು. ಪುಟ ಓದುವ ಕೆಲಸ ಮಾತ್ರ ನಮಗೆ ಉಳಿದೇ ಇದೆ.

ಗಡಿನಾಡಿನ ನಮ್ಮ ಶಾಲೆಗಳಿಗೆ ಇದರಲ್ಲೊಂದು ಅನುಕೂಲವುಂಟು. ಕನ್ನಡದ ಪತ್ರಿಕೆಯನ್ನೂ ನೆರೆನುಡಿಯ ಪತ್ರಿಕೆಯನ್ನೂ ಓದಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ. ಒಂದೇ ಘಟನೆಯ ವರದಿಯನ್ನು ಎರಡರಲ್ಲಿಯೂ ಓದಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರು ಯಾವುದೆಂದು ಉಪಾಧ್ಯಾಯರು ಅವರನ್ನು ಕೇಳಬೇಕು.